ಲ್ಯಾಪ್‌ಟಾಪಿಗೆ ಎರಡು ನೆಟ್ ಇದ್ದಾಗ ಯಾವುದರ ಮೇಲೆ ಹೋಗಬೇಕು? ಕಲಬುರಗಿಯ ಮನೆ, ಕಚೇರಿ, ಅಂಗಡಿಗಳಿಗೆ ಒಂದು ಹೋಲಿಕೆ

ಮನೆಯಲ್ಲಿ ಫೈಬರ್ ವೈಫೈ, ಪಕ್ಕದಲ್ಲಿ ಯುಎಸ್‌ಬಿ ತಂತಿಯಿಂದ ಜೋಡಿಸಿದ ಮೊಬೈಲ್, ಕಚೇರಿಯಾದರೆ ಗೋಡೆಯಿಂದ ಇಳಿದ ಕೇಬಲ್. ಕಲಬುರಗಿಯಲ್ಲಿ ಈಗ ಒಂದೇ ಲ್ಯಾಪ್‌ಟಾಪಿಗೆ ಎರಡು ಮೂರು ಕಡೆಯಿಂದ ನೆಟ್ ಬರುವುದು ಅಪರೂಪವಲ್ಲ. ರಸ್ತೆ ಅಗೆದರೆ ಫೈಬರ್ ತುಂಡಾಗುತ್ತದೆ, ಕರೆಂಟ್ ಹೋದರೆ ರೂಟರ್ ಆರುತ್ತದೆ. ಹಾಗಾಗಿ ಹೈಕೋರ್ಟ್ ಪೀಠದ ವಿಡಿಯೋ ವಿಚಾರಣೆಗೆ ಕೂರುವ ವಕೀಲರಿಂದ ಹಿಡಿದು ಆಳಂದ, ಚಿಂಚೋಳಿ ಕಡೆಯ ಗ್ರಾಮ ಒನ್ ಕೇಂದ್ರದವರವರೆಗೆ ಎಲ್ಲರೂ ಮೊಬೈಲನ್ನು ಬೆಂಬಲಕ್ಕೆ ಇಟ್ಟುಕೊಂಡಿರುತ್ತಾರೆ. ಒಂದು ಸತ್ತು ಇನ್ನೊಂದು ಬದುಕಿದ್ದರೆ ಗೊಂದಲವಿಲ್ಲ. ತೊಂದರೆ ಶುರುವಾಗುವುದು ಎರಡೂ ಒಟ್ಟಿಗೆ ಬದುಕಿರುವಾಗ.

ಫೈಬರ್ ಬಿಲ್ ಕಟ್ಟಿದ್ದರೂ ಮೊಬೈಲ್ ಡೇಟಾ ಮಧ್ಯಾಹ್ನದೊಳಗೆ ಮುಗಿದಿರುತ್ತದೆ. ವೈಫೈ ಪೂರ್ತಿ ಗೆರೆ ತೋರಿಸುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಕಚೇರಿಯ ಕೇಬಲ್ ಸಿಕ್ಕಿಸಿದರೆ ಹೊರಗಿನ ಜಾಲತಾಣಗಳು ನಿಂತುಹೋಗುತ್ತವೆ, ಕಿತ್ತರೆ ಕಚೇರಿಯ ತಂತ್ರಾಂಶ ನಿಂತುಹೋಗುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ರೂಟರ್ ಆರಿಸಿ ಹಚ್ಚುವುದು, ಆಮೇಲೆ ಕಂಪನಿಗೆ ಫೋನ್ ಮಾಡುವುದು. ಎರಡು ಸಂಪರ್ಕಗಳೂ ಸರಿಯಾಗಿಯೇ ಇದ್ದು, ಲ್ಯಾಪ್‌ಟಾಪ್ ಆರಿಸಿಕೊಂಡ ದಾರಿ ಮಾತ್ರ ತಪ್ಪಾಗಿರುವ ಸಾಧ್ಯತೆಯನ್ನು ಯಾರೂ ನೋಡುವುದಿಲ್ಲ. ಅದನ್ನು ನೋಡಲು ಎರಡು ನಿಮಿಷ ಸಾಕು. ಸರಿಪಡಿಸಲು ಹಲವು ಉಪಾಯಗಳಿವೆ. ಯಾವುದು ಯಾರಿಗೆ ಒಗ್ಗುತ್ತದೆ ಎಂಬುದನ್ನು ಹೋಲಿಸಿ ಹೇಳುವುದು ಈ ಬರಹದ ಉದ್ದೇಶ.

ವಿಂಡೋಸ್ ದಾರಿ ಆರಿಸುವ ಬಗೆ

ಹೊರಗಿನ ಲೋಕಕ್ಕೆ ಹೋಗುವ ಪ್ರತಿ ದಾರಿಗೂ ವಿಂಡೋಸ್ ಒಂದು ಅಂಕಿ ಕೊಡುತ್ತದೆ. ಅದಕ್ಕೆ ಮೆಟ್ರಿಕ್ ಎಂದು ಹೆಸರು. ಯಾವುದರ ಅಂಕಿ ಕಡಿಮೆಯೋ ಆ ದಾರಿಗೆ ಮೊದಲ ಮಣೆ. ನಾವು ಏನೂ ಹೇಳದೆ ಬಿಟ್ಟರೆ ಈ ಅಂಕಿಯನ್ನು ಸಂಪರ್ಕದ ವೇಗ ನೋಡಿ ಅದೇ ನಿರ್ಧರಿಸುತ್ತದೆ. ವಿಂಡೋಸ್ 10ರಲ್ಲಿ ಗಿಗಾಬಿಟ್ ಕೇಬಲ್‌ಗೆ 25, 100 ಎಂಬಿಪಿಎಸ್ ಕೇಬಲ್‌ಗೆ 35. ವೈಫೈಗೆ ಸಾಮಾನ್ಯವಾಗಿ ಗಿಗಾಬಿಟ್ ಕೇಬಲ್‌ಗಿಂತ ಹೆಚ್ಚು, ಸಂಪರ್ಕದ ವೇಗ ಇಳಿದಂತೆ ಅಂಕಿ ಇನ್ನಷ್ಟು ಏರುತ್ತದೆ.

ಇಲ್ಲಿ ವೇಗ ಎಂದರೆ ಲ್ಯಾಪ್‌ಟಾಪಿನಿಂದ ರೂಟರ್‌ವರೆಗಿನ ವೇಗ, ಅಥವಾ ಲ್ಯಾಪ್‌ಟಾಪಿನಿಂದ ಫೋನ್‌ವರೆಗಿನ ವೇಗ ಮಾತ್ರ. ಅದರಾಚೆ ಫೈಬರ್ ತುಂಡಾಗಿದೆಯೋ, ಟವರ್ ಬಳಲುತ್ತಿದೆಯೋ ಎಂಬುದು ಈ ಲೆಕ್ಕದಲ್ಲಿ ಇಲ್ಲ. ಮನೆ ಮುಂದಿನ ರಸ್ತೆ ಅಗಲವಾಗಿದೆ ಎಂದು ಆ ಕಡೆ ಹೊರಟು, ಮುಂದೆ ಭೀಮಾ ನದಿಯ ಸೇತುವೆ ಮುಳುಗಿರುವುದನ್ನು ಕೇಳದೇ ಹೋದಂತೆ ಇದು. ಯುಎಸ್‌ಬಿ ಮೂಲಕ ಜೋಡಿಸಿದ ಆಂಡ್ರಾಯ್ಡ್ ಫೋನನ್ನು ವಿಂಡೋಸ್ ಒಂದು ಈಥರ್ನೆಟ್ ಕಾರ್ಡ್ (ನೆಟ್ ಕೇಬಲ್ ಸಿಕ್ಕಿಸುವ ಭಾಗ) ಎಂದೇ ಭಾವಿಸುತ್ತದೆ. ಆ ತಂತಿಯ ವೇಗ ಹೆಚ್ಚೆಂದು ಕಂಡಾಗ ಅದಕ್ಕೆ 25 ಕೊಟ್ಟು, ಪಕ್ಕದ ಕೋಣೆಯಿಂದ ಬರುವ ಫೈಬರ್ ವೈಫೈಯನ್ನು ಹಿಂದಕ್ಕೆ ತಳ್ಳುತ್ತದೆ. ಫೋನ್ ಚಾರ್ಜ್ ಆಗಲೆಂದು ತಂತಿ ಹಾಕಿದ್ದೀರಿ, ಟೆದರಿಂಗ್ (ಫೋನಿನ ನೆಟ್ ಲ್ಯಾಪ್‌ಟಾಪಿಗೆ ಹಂಚುವುದು) ಹಿಂದಿನ ದಿನದಿಂದ ಚಾಲೂ ಇದೆ ಎಂದಾದರೆ ಡೇಟಾ ಹೋದದ್ದೆಲ್ಲಿ ಎಂದು ಹುಡುಕಬೇಕಾಗಿಲ್ಲ.

ಮೊದಲು ಟೇಬಲ್ ನೋಡಿ

ಕಮಾಂಡ್ ಪ್ರಾಂಪ್ಟ್ ತೆರೆದು ‘ರೂಟ್ ಪ್ರಿಂಟ್ -4’ (route print -4) ಎಂದು ಕೊಡಿ. ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದಾರಿಗಳ ಉದ್ದನೆಯ ಪಟ್ಟಿ ಬರುತ್ತದೆ, ಇದೇ ಟೇಬಲ್, ಹೆದರಬೇಡಿ. ಬೇಕಾದದ್ದು 0.0.0.0 ಎಂದು ಎರಡು ಸಲ ಆರಂಭವಾಗುವ ಸಾಲುಗಳು ಮಾತ್ರ. ‘ಬೇರೆಲ್ಲೂ ಹೇಳಿರದ ವಿಳಾಸಗಳಿಗೆಲ್ಲ ಈ ದಾರಿ’ ಎಂದು ಅದರ ಅರ್ಥ. ಫೈಬರ್ ಮತ್ತು ಮೊಬೈಲ್ ಎರಡೂ ಇರುವ ಲ್ಯಾಪ್‌ಟಾಪಿನಲ್ಲಿ ಅದು ಹೆಚ್ಚುಕಡಿಮೆ ಹೀಗೆ ಕಾಣುತ್ತದೆ:

0.0.0.0   0.0.0.0   192.168.1.1   192.168.1.34   45
0.0.0.0   0.0.0.0   192.168.42.129   192.168.42.57   25

ಮೂರನೆಯದು ಗೇಟ್‌ವೇ, ಅಂದರೆ ಸಂಚಾರ ಹೊರಗೆ ಹೋಗುವ ಬಾಗಿಲಿನ ವಿಳಾಸ, ನಾಲ್ಕನೆಯದು ನಿಮ್ಮ ಲ್ಯಾಪ್‌ಟಾಪಿಗೆ ಆ ಕಡೆ ಸಿಕ್ಕಿರುವ ವಿಳಾಸ, ಕೊನೆಯದು ಮೆಟ್ರಿಕ್. ಮೇಲಿನದು ಮನೆಯ ರೂಟರ್. 192.168.42 ಎಂಬುದು ಹಲವು ಆಂಡ್ರಾಯ್ಡ್ ಫೋನ್‌ಗಳು ಯುಎಸ್‌ಬಿ ಟೆದರಿಂಗ್‌ಗೆ ಬಳಸುತ್ತ ಬಂದಿರುವ ವಿಳಾಸ, ಹೊಸ ಫೋನ್‌ಗಳಲ್ಲಿ ಬೇರೆಯೂ ಇರಬಹುದು. ಐಫೋನ್ ಆದರೆ 172.20.10 ಎಂದು ಆರಂಭವಾಗುತ್ತದೆ. 25 ಮತ್ತು 45ರ ನಡುವೆ ಗೆದ್ದದ್ದು 25. ಅಂದರೆ ಈ ಲ್ಯಾಪ್‌ಟಾಪಿನ ಸಂಚಾರವೆಲ್ಲ ಮೊಬೈಲ್ ಮೇಲೆ ಹೋಗುತ್ತಿದೆ. ಕೆಳಗಿನ ಸಾಲುಗಳಲ್ಲಿ 281, 301 ಎಂಬ ದೊಡ್ಡ ಅಂಕಿಗಳು ಕಂಡರೆ ಗಾಬರಿಯಾಗಬೇಡಿ. ಅದೇ 25 ಮತ್ತು 45ಕ್ಕೆ 256 ಕೂಡಿಸಿದ ಲೆಕ್ಕ ಅದು.

ಟೇಬಲ್ ಹೇಳುವುದನ್ನು ಪರೀಕ್ಷಿಸಲು ‘ಟ್ರೇಸರ್ಟ್ -ಡಿ 8.8.8.8’ (tracert -d 8.8.8.8) ಕೊಟ್ಟು ಮೊದಲ ಸಾಲು ನೋಡಿ, 8.8.8.8 ಎಂಬುದು ಗೂಗಲ್‌ನ ಸರ್ವರ್. ಅಲ್ಲಿ ಕಾಣುವ ಗೇಟ್‌ವೇ ಯಾವುದೋ ಸಂಚಾರ ಹೋಗುತ್ತಿರುವುದು ಅದರ ಮೂಲಕ.

ದಾರಿಯ ದೋಷವಲ್ಲದ್ದನ್ನು ಇಲ್ಲೇ ಬೇರ್ಪಡಿಸಿಬಿಡಬೇಕು. ‘ಪಿಂಗ್ 8.8.8.8’ ಕೊಟ್ಟರೆ ಉತ್ತರ ಬರುತ್ತಿದೆ, ಹೆಸರು ಟೈಪ್ ಮಾಡಿದರೆ ಜಾಲತಾಣ ತೆರೆಯುತ್ತಿಲ್ಲ ಎಂದಾದರೆ ಅದು ಡಿಎನ್‌ಎಸ್ (ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ತೊಂದರೆ, ಮೆಟ್ರಿಕ್ ತಿದ್ದಿ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರ್‌ನಿಂದ ವಿಳಾಸವೇ ಬಂದಿಲ್ಲ, ಕೇಬಲ್ ಅಥವಾ ರೂಟರ್ ನೋಡಿ. ಮೂರನೆಯದು ಸ್ವಲ್ಪ ಮೋಸದ್ದು: ಎರಡೂ ಕಡೆಯ ರೂಟರ್‌ಗಳು 192.168.1.1 ಎಂದೇ ಇರುತ್ತವೆ. ಫೈಬರ್ ಕಂಪನಿಯವರೂ ಅದೇ ವಿಳಾಸ ಇಟ್ಟಿರುತ್ತಾರೆ, ಕಚೇರಿಯಲ್ಲಿ ರೂಟರ್ ಕೂರಿಸಿದವರೂ ಅದನ್ನೇ ಬಿಟ್ಟಿರುತ್ತಾರೆ. ಆಗ 192.168.1.20ರಲ್ಲಿರುವ ಪ್ರಿಂಟರ್ ಈ ಕಡೆಯದೋ ಆ ಕಡೆಯದೋ ಎಂದು ಲ್ಯಾಪ್‌ಟಾಪಿಗೆ ಗೊತ್ತಾಗುವ ಬಗೆಯೇ ಇಲ್ಲ. ಇದಕ್ಕೆ ಒಂದೇ ಪರಿಹಾರ: ನಿಮ್ಮ ಕೈಯಲ್ಲಿರುವ ರೂಟರ್‌ನ ವಿಳಾಸವನ್ನು 192.168.50.1 ಎಂಬಂಥ ಬೇರೆ ಸಾಲಿಗೆ ಬದಲಿಸುವುದು.

ಇಷ್ಟಾದ ಮೇಲೂ ದಾರಿಯೇ ತಪ್ಪೆಂದು ಖಚಿತವಾದರೆ ಮುಂದಿನ ಆಯ್ಕೆಗಳಿಗೆ ಬನ್ನಿ.

ಒಂದು ಸಲಕ್ಕೆ ಒಂದೇ ನೆಟ್

ಎಲ್ಲಕ್ಕಿಂತ ಸರಳ ಉಪಾಯ ಇದು. ಫೈಬರ್ ಇದ್ದಾಗ ಟೆದರಿಂಗ್ ಬಂದ್, ಫೈಬರ್ ಹೋದಾಗ ಚಾಲೂ. ತಂತಿಯ ಬದಲು ಫೋನಿನ ವೈಫೈ ಹಾಟ್‌ಸ್ಪಾಟ್ ಬಳಸಿದರೆ ಇನ್ನೂ ನಿಶ್ಚಿಂತೆ. ಸಾಮಾನ್ಯವಾಗಿ ಲ್ಯಾಪ್‌ಟಾಪಿನ ವೈಫೈ ಒಮ್ಮೆಗೆ ಒಂದೇ ಜಾಲಕ್ಕೆ ಸೇರುವುದರಿಂದ ಮನೆಯ ವೈಫೈ ತಾನಾಗಿ ಬಿಟ್ಟುಹೋಗುತ್ತದೆ, ಜಗಳಕ್ಕೆ ಎಡೆಯೇ ಇಲ್ಲ. ವಿದ್ಯಾರ್ಥಿಗಳಿಗೆ, ದಿನಕ್ಕೆ ಒಂದೆರಡು ಗಂಟೆ ಕೆಲಸ ಮಾಡುವವರಿಗೆ ನಾನು ಇದರಾಚೆ ಏನನ್ನೂ ಸೂಚಿಸುವುದಿಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಚಾರ್ಜಿಗೆ ಹಾಕಿಕೊಂಡೇ ಹಾಟ್‌ಸ್ಪಾಟ್ ನಡೆಸಿದರೆ ಫೋನ್ ಬೇಗ ಕಾಯುತ್ತದೆ, ಕಾದ ಫೋನ್ ವೇಗ ತಗ್ಗಿಸುತ್ತದೆ. ಫ್ಯಾನಿನ ಕೆಳಗೆ, ಕವರ್ ತೆಗೆದು ಇಡಿ.

ಆದರೆ ವಿಚಾರಣೆಯ ನಡುವೆಯೋ ಆನ್‌ಲೈನ್ ಪರೀಕ್ಷೆಯ ನಡುವೆಯೋ ಫೈಬರ್ ಹೋದರೆ ಎದ್ದು ಹಾಟ್‌ಸ್ಪಾಟ್ ಹಚ್ಚುವಷ್ಟು ಸಮಯ ಇರುವುದಿಲ್ಲ. ಅಂಥವರು ಎರಡನ್ನೂ ಚಾಲೂ ಇಟ್ಟು ಕ್ರಮ ನಿಗದಿ ಮಾಡಬೇಕು.

ಮೆಟ್ರಿಕ್ ಕೈಯಾರೆ ಬರೆಯುವುದು

ನನ್ನ ಮಟ್ಟಿಗೆ ಹೆಚ್ಚಿನವರಿಗೆ ಸರಿಯಾದ ಆಯ್ಕೆ ಇದೇ. ಖರ್ಚಿಲ್ಲ, ಹೊಸ ಪೆಟ್ಟಿಗೆ ಬೇಡ, ಒಮ್ಮೆ ಮಾಡಿದರೆ ಉಳಿಯುತ್ತದೆ. ನೆಟ್‌ವರ್ಕ್ ಕನೆಕ್ಷನ್ಸ್ ಕಿಟಕಿಗೆ ಹೋಗಿ ವೈಫೈ ಕಾರ್ಡಿನ ಪ್ರಾಪರ್ಟೀಸ್ ತೆರೆಯಿರಿ. ಐಪಿವಿ4 (ಇಂಟರ್ನೆಟ್ ವಿಳಾಸಗಳ ಹಳೆಯ ಬಗೆ) ಸಾಲನ್ನು ಆರಿಸಿ, ಮತ್ತೆ ಪ್ರಾಪರ್ಟೀಸ್, ಅಲ್ಲಿಂದ ಅಡ್ವಾನ್ಸ್‌ಡ್. ‘ಆಟೋಮ್ಯಾಟಿಕ್ ಮೆಟ್ರಿಕ್’ ಎದುರಿನ ಗುರುತು ತೆಗೆದು 10 ಎಂದು ಬರೆಯಿರಿ. ಫೋನಿನ ಕಾರ್ಡಿಗೆ ಇದೇ ರೀತಿ 50 ಕೊಡಿ. ಮತ್ತೆ ರೂಟ್ ಪ್ರಿಂಟ್ ನೋಡಿದರೆ ಕ್ರಮ ಬದಲಾಗಿರುತ್ತದೆ.

ಇದರ ಮಿತಿಯನ್ನು ತಿಳಿದಿರಬೇಕು. ಮನೆಯ ರೂಟರ್ ಪೂರ್ತಿ ಆರಿದರೆ ವೈಫೈ ಸಾಲು ಟೇಬಲ್‌ನಿಂದಲೇ ಹೋಗುತ್ತದೆ, ಸಂಚಾರ ತಕ್ಷಣ ಫೋನಿಗೆ ತಿರುಗುತ್ತದೆ. ಕರೆಂಟ್ ಹೋದಾಗ ಇದು ಚೆನ್ನಾಗಿ ಕೆಲಸ ಮಾಡುವುದು ಅದಕ್ಕೇ. ಆದರೆ ರೂಟರ್ ಇನ್ವರ್ಟರ್ ಮೇಲೆ ಉರಿಯುತ್ತಿದ್ದು ಹೊರಗೆ ಫೈಬರ್ ತುಂಡಾಗಿದ್ದರೆ ವೈಫೈ ಸಾಲು 10 ಎಂದೇ ಉಳಿದಿರುತ್ತದೆ. ಪರದೆಯ ಮೂಲೆಯಲ್ಲಿ ಇಂಟರ್ನೆಟ್ ಇಲ್ಲ ಎಂಬ ಸೂಚನೆ ಬಂದರೂ ವಿಂಡೋಸ್ ತಾನಾಗಿ ದಾರಿ ಬದಲಿಸುತ್ತದೆ ಎಂದು ನಂಬಿ ಕೂರಬಾರದು. ವೈಫೈಯನ್ನು ಒಂದು ಕ್ಲಿಕ್‌ನಲ್ಲಿ ಆರಿಸಿಬಿಡಿ. ಈ ವಿಷಯದಲ್ಲಿ ಲಿನಕ್ಸ್ ಮುಂದಿದೆ. ಅಲ್ಲಿನ ನೆಟ್‌ವರ್ಕ್ ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಎಂದು ಮೆಟ್ರಿಕ್ ಕೊಡುತ್ತದೆ. ಸಂಪರ್ಕ ಪರೀಕ್ಷೆ ಚಾಲೂ ಇದ್ದು, ಒಂದು ದಾರಿಯಲ್ಲಿ ಇಂಟರ್ನೆಟ್ ಸಿಗದೇ ಹೋದರೆ ಅದರ ಮೆಟ್ರಿಕ್‌ಗೆ 20000 ಕೂಡಿಸಿ ಹಿಂದಕ್ಕೆ ಸರಿಸುತ್ತದೆ. ಮ್ಯಾಕ್‌ನಲ್ಲಿ ಅಂಕಿಗಳ ಗೊಡವೆಯಿಲ್ಲ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸೇವೆಗಳ ಕ್ರಮವನ್ನು ಎಳೆದು ಮೇಲೆ ಕೆಳಗೆ ಮಾಡಿದರೆ ಆಯಿತು.

ಇಷ್ಟೆಲ್ಲ ಮಾಡಿಯೂ ಮೊಬೈಲ್ ಡೇಟಾ ಸೋರುತ್ತಲೇ ಇದೆ ಎಂಬ ದೂರು ಬರುತ್ತದೆ. ಕಾರಣ ಐಪಿವಿ6 ಎಂಬ ಹೊಸ ಬಗೆಯ ವಿಳಾಸ, ಮತ್ತು ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಜಿಯೋ, ಏರ್‌ಟೆಲ್‌ನಂಥ ಮೊಬೈಲ್ ಜಾಲಗಳು ಐಪಿವಿ6 ವಿಳಾಸ ಕೊಡುತ್ತವೆ. ಸ್ಥಳೀಯ ಕೇಬಲ್ ಸಂಪರ್ಕಗಳಲ್ಲಿ ಹಲವು ಇನ್ನೂ ಐಪಿವಿ4ರಲ್ಲೇ ಇವೆ. ಗೂಗಲ್, ಯೂಟ್ಯೂಬ್, ಫೇಸ್‌ಬುಕ್‌ನಂಥ ತಾಣಗಳಿಗೆ ಎರಡೂ ಬಗೆಯ ವಿಳಾಸಗಳಿವೆ. ಲ್ಯಾಪ್‌ಟಾಪಿಗೆ ಎರಡೂ ಸಾಧ್ಯವಿದ್ದಾಗ ಅದು ಮೊದಲು ಐಪಿವಿ6ಕ್ಕೆ ಮನಸ್ಸು ಮಾಡುತ್ತದೆ. ಐಪಿವಿ6 ದಾರಿ ಇರುವುದು ಫೋನಿನಲ್ಲಿ ಮಾತ್ರ. ಹೀಗಾಗಿ ನೀವು ಐಪಿವಿ4 ಮೆಟ್ರಿಕ್ ಎಷ್ಟೇ ತಿದ್ದಿದರೂ ಯೂಟ್ಯೂಬ್ ಫೋನಿನ ಮೇಲೆಯೇ ಓಡುತ್ತದೆ. ಐಪಿವಿ6 ಮೆಟ್ರಿಕ್ ತಿದ್ದಿದರೂ ಬದಲಾಗದು, ಏಕೆಂದರೆ ಅಲ್ಲಿ ಪೈಪೋಟಿಗೆ ಎರಡನೆಯ ದಾರಿಯೇ ಇಲ್ಲ.

ಪತ್ತೆ ಮಾಡುವುದು ಸುಲಭ. ‘ರೂಟ್ ಪ್ರಿಂಟ್ -6’ ಕೊಟ್ಟು ‘::/0’ ಎಂಬ ಸಾಲು ಯಾವ ಕಾರ್ಡಿನದು ನೋಡಿ. ಅದು ಫೋನಿನ ಕಾರ್ಡ್ ಮಾತ್ರವಾಗಿದ್ದರೆ, ಫೋನಿನ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಐಪಿವಿ6 ಎದುರಿನ ಗುರುತು ತೆಗೆಯಿರಿ. ಫೋನ್ ಲ್ಯಾಪ್‌ಟಾಪಿಗೆ ಐಪಿವಿ4 ವಿಳಾಸವನ್ನೂ ಕೊಡುವುದರಿಂದ ಬೆಂಬಲದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಎರಡೂ ಕಡೆ ಐಪಿವಿ6 ಇದ್ದರೆ ಗುರುತು ತೆಗೆಯಬೇಕಾಗಿಲ್ಲ, ಅಲ್ಲಿಯೂ 10 ಮತ್ತು 50 ಎಂದು ಬರೆದರೆ ಸಾಕು.

ಒಳಜಾಲಕ್ಕೆ ಪ್ರತ್ಯೇಕ ದಾರಿ

ಸರ್ಕಾರಿ ಕಚೇರಿ, ಬ್ಯಾಂಕ್, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವವರ ಕಷ್ಟ ಬೇರೆ ಜಾತಿಯದು. ಅಲ್ಲಿ ಕೇಬಲ್ ಒಯ್ಯುವುದು ಒಳಜಾಲಕ್ಕೆ, ಹೊರಗಿನ ಇಂಟರ್ನೆಟ್‌ಗೆ ಅಲ್ಲ. ಆದರೆ ಆ ಕೇಬಲ್‌ಗೂ ಒಂದು ಡೀಫಾಲ್ಟ್ ಗೇಟ್‌ವೇ (0.0.0.0 ಸಾಲಿನ ಗೇಟ್‌ವೇ) ಇರುತ್ತದೆ, ಅದರ ಮೆಟ್ರಿಕ್ 25 ಆಗಿ ವೈಫೈಯನ್ನು ಸೋಲಿಸುತ್ತದೆ. ಮೆಟ್ರಿಕ್ ತಲೆಕೆಳಗು ಮಾಡಿದರೆ ಹೊರಗಿನದೆಲ್ಲ ತೆರೆಯುತ್ತದೆ, ಒಳಗಿನ ಸರ್ವರ್ ನಿಲ್ಲುತ್ತದೆ. ಎರಡೂ ಬೇಕೆಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ಸ್ಪಷ್ಟವಾಗಿ ಬರೆದುಕೊಡಬೇಕು.

ಇದು ಸಾಧ್ಯವಾಗುವುದು ಒಂದು ನಿಯಮದಿಂದ. ವಿಳಾಸಕ್ಕೆ ಹೆಚ್ಚು ನಿಖರವಾಗಿ ಹೊಂದುವ ಸಾಲೇ ಯಾವಾಗಲೂ ಗೆಲ್ಲುತ್ತದೆ. ನಿಖರತೆ ಸಮನಾಗಿದ್ದರೆ ಮಾತ್ರ ಮೆಟ್ರಿಕ್ ನೋಡಲಾಗುತ್ತದೆ. ಒಳಜಾಲದ ಯಂತ್ರಗಳೆಲ್ಲ 10ರಿಂದ ಆರಂಭವಾಗುವ ವಿಳಾಸದಲ್ಲಿದ್ದು, ಕೇಬಲ್‌ನ ಗೇಟ್‌ವೇ 10.20.30.1 ಎಂದುಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಕೊಡಬೇಕು:

ರೂಟ್ -ಪಿ ಆಡ್ 10.0.0.0 ಮಾಸ್ಕ್ 255.0.0.0 10.20.30.1 (route -p add 10.0.0.0 mask 255.0.0.0 10.20.30.1)

ಮಾಸ್ಕ್ ಎಂದರೆ ವಿಳಾಸದ ಎಷ್ಟು ಭಾಗ ಹೊಂದಬೇಕು ಎಂಬ ಲೆಕ್ಕ, ಇಲ್ಲಿ ಮೊದಲ 10 ಮಾತ್ರ. ‘ಪಿ’ ಇರುವುದರಿಂದ ಯಂತ್ರ ಆರಿಸಿ ಹಚ್ಚಿದರೂ ದಾರಿ ಉಳಿಯುತ್ತದೆ. ಇದಾದ ಮೇಲೆ ಕೇಬಲ್ ಕಾರ್ಡಿನಲ್ಲಿ ವಿಳಾಸ ಕೈಯಾರೆ ತುಂಬಿದ್ದರೆ ಡೀಫಾಲ್ಟ್ ಗೇಟ್‌ವೇ ಜಾಗವನ್ನು ಖಾಲಿ ಬಿಡಿ. ವಿಳಾಸ ತಾನಾಗಿ ಬರುವುದಾದರೆ ಗೇಟ್‌ವೇ ಕೂಡ ತಾನಾಗಿ ಬರುತ್ತದೆ, ಖಾಲಿ ಬಿಡುವ ಅವಕಾಶ ಇರುವುದಿಲ್ಲ. ಆಗ ಕೇಬಲ್‌ನ ಮೆಟ್ರಿಕ್ ಏರಿಸಿದರೂ ಆಗುತ್ತದೆ, ಪವರ್‌ಶೆಲ್‌ನಲ್ಲಿ (ವಿಂಡೋಸ್‌ನಲ್ಲಿ ಆದೇಶ ಕೊಡುವ ಇನ್ನೊಂದು ಕಿಟಕಿ) ಆ ಕಾರ್ಡಿಗೆ ‘ಇಗ್ನೋರ್ ಡೀಫಾಲ್ಟ್ ರೂಟ್ಸ್’ (IgnoreDefaultRoutes) ಎಂಬ ಗುಣವನ್ನು ಚಾಲೂ ಮಾಡಿದರೂ ಆಗುತ್ತದೆ. ಒಳಗಿನ ಸರ್ವರ್‌ಗಳನ್ನು ಹೆಸರಿನಿಂದ ಕರೆಯುವ ಕಚೇರಿಯಾದರೆ ಒಳಜಾಲದ ಡಿಎನ್‌ಎಸ್ ವಿಳಾಸ ಕೇಬಲ್ ಕಾರ್ಡಿನಲ್ಲೇ ಉಳಿದಿರಲಿ.

ಇದು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅನುಮತಿಯಿಲ್ಲದೆ ಮಾಡಬಾರದು. ಒಳಜಾಲವನ್ನು ಹೊರಗಿನಿಂದ ಬೇರೆಯಾಗಿ ಇಟ್ಟಿರುವುದಕ್ಕೆ ಕಾರಣವಿದೆ. ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪನ್ನು ಅದೇ ಹೊತ್ತಿಗೆ ನಿಮ್ಮ ಮೊಬೈಲ್ ನೆಟ್‌ಗೂ ಜೋಡಿಸಿದರೆ ಹೊರಗಿನ ರೋಗ ಒಳಗೆ ಬರಲು ಬಾಗಿಲು ತೆಗೆದಂತೆಯೇ ಆಗುತ್ತದೆ. ಒಂದು ಲ್ಯಾಪ್‌ಟಾಪಿಗೆ ಹತ್ತಿದ ಸೋಂಕು ಇಡೀ ಕಚೇರಿಯ ದಾಖಲೆಗಳನ್ನು ನುಂಗಬಹುದು. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ, ಅವರು ಬೇಡ ಎಂದರೆ ಎರಡು ಬೇರೆ ಯಂತ್ರಗಳನ್ನು ಬಳಸಿ.

ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೇಲೆ ಕಚೇರಿಗೆ ಹಾಕಿದ ಖಾಸಗಿ ದಾರಿ) ಮೂಲಕ ಕಚೇರಿ ಸೇರುವವರಿಗೂ ಇದೇ ಪ್ರಶ್ನೆ ಬರುತ್ತದೆ. ವಿಪಿಎನ್ ಹಚ್ಚಿದಾಗ ಎಲ್ಲ ಸಂಚಾರ ಅದರೊಳಗೇ ಹೋಗುತ್ತಿದ್ದರೆ ಟೇಬಲ್‌ನಲ್ಲಿ 0.0.0.0 ಮತ್ತು 128.0.0.0 ಎಂಬ ಎರಡು ಸಾಲುಗಳು 128.0.0.0 ಎಂಬ ಮಾಸ್ಕ್ ಜೊತೆ ಕಾಣಬಹುದು. ಓಪನ್ ವಿಪಿಎನ್ ಹೀಗೆ ಮಾಡುತ್ತದೆ. ಇಂಟರ್ನೆಟ್‌ನ ಎರಡು ಅರ್ಧಗಳನ್ನು ಬೇರೆಬೇರೆಯಾಗಿ ಬರೆದದ್ದರಿಂದ ಅವು ಡೀಫಾಲ್ಟ್ ಸಾಲಿಗಿಂತ ಹೆಚ್ಚು ನಿಖರವಾಗುತ್ತವೆ, ನಿಮ್ಮ ಮೆಟ್ರಿಕ್ ಏನಿದ್ದರೂ ಗೆಲ್ಲುತ್ತವೆ. ಇದನ್ನು ಬದಲಿಸುವುದು ವಿಪಿಎನ್ ನಡೆಸುವವರ ಕೆಲಸ, ನಿಮ್ಮ ಕಡೆಯಿಂದ ಮೆಟ್ರಿಕ್ ತಿದ್ದಿ ಸಮಯ ಕಳೆಯಬೇಡಿ.

ಹೊರೆಯನ್ನು ರೂಟರ್‌ಗೆ ಬಿಡುವುದು

ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ ಕಚೇರಿಯಂಥ ಕಡೆ ನಾಲ್ಕೈದು ಕಂಪ್ಯೂಟರ್‌ಗಳಿರುತ್ತವೆ. ಬಿಲ್ಲು, ಇ-ವೇ ಬಿಲ್ಲು, ಬ್ಯಾಂಕ್ ವ್ಯವಹಾರ ನಿಲ್ಲುವಂತಿಲ್ಲ. ಅಲ್ಲಿ ಒಂದೊಂದು ಲ್ಯಾಪ್‌ಟಾಪಿನಲ್ಲೂ ಮೆಟ್ರಿಕ್ ಬರೆಯುತ್ತ ಕೂರುವುದು ಸರಿಯಲ್ಲ. ಎರಡು ಹೊರಸಂಪರ್ಕಗಳನ್ನು ತೆಗೆದುಕೊಳ್ಳುವ ಡ್ಯುಯಲ್ ವ್ಯಾನ್ ರೂಟರ್ ಕೊಳ್ಳಿ. ಕೆಲವು ಸಾವಿರ ರೂಪಾಯಿಯ ಖರ್ಚು, ಆದರೆ ಲ್ಯಾಪ್‌ಟಾಪಿಗೆ ಕಾಣುವುದು ಒಂದೇ ಗೇಟ್‌ವೇ. ಫೈಬರ್ ತುಂಡಾದರೆ ರೂಟರ್ ಹೊರಗಿನ ವಿಳಾಸವೊಂದನ್ನು ಪಿಂಗ್ ಮಾಡುತ್ತಲೇ ಇದ್ದು ಅದನ್ನು ಪತ್ತೆ ಹಚ್ಚುತ್ತದೆ, ಎರಡನೆಯ ಸಂಪರ್ಕಕ್ಕೆ ತಾನೇ ತಿರುಗುತ್ತದೆ. ಮೆಟ್ರಿಕ್ ಕೈಬಿಡುವ ಸಂದರ್ಭವನ್ನೇ ಇದು ಹಿಡಿಯುತ್ತದೆ. ತಿರುಗುವ ಕ್ಷಣದಲ್ಲಿ ನಡೆಯುತ್ತಿದ್ದ ಕರೆ ತುಸು ತಡವರಿಸುತ್ತದೆ, ಹೊರಗಿನ ವಿಳಾಸ ಬದಲಾಗುವುದರಿಂದ ಅದು ಅನಿವಾರ್ಯ.

ಇಂಥ ರೂಟರ್‌ನಲ್ಲಿ ಎರಡು ಕ್ರಮಗಳಿರುತ್ತವೆ: ಒಂದು ಸತ್ತಾಗ ಇನ್ನೊಂದಕ್ಕೆ ಹೋಗುವ ಫೇಲ್‌ಓವರ್, ಎರಡರ ಮೇಲೂ ಭಾರ ಹಂಚುವ ಲೋಡ್ ಬ್ಯಾಲೆನ್ಸ್. ಅಂಗಡಿಯವರು ಎರಡನೆಯದನ್ನು ಹೊಗಳುತ್ತಾರೆ. ನನ್ನ ಸಲಹೆ ಫೇಲ್‌ಓವರ್. ಭಾರ ಹಂಚುವಾಗ ಒಂದೇ ಬ್ಯಾಂಕ್ ಪುಟದ ಕೋರಿಕೆಗಳು ಎರಡು ಬೇರೆ ವಿಳಾಸಗಳಿಂದ ಹೋದರೆ ಬ್ಯಾಂಕ್ ಅನುಮಾನಪಟ್ಟು ಲಾಗಿನ್ ಕಿತ್ತುಹಾಕುತ್ತದೆ. ಲೋಡ್ ಬ್ಯಾಲೆನ್ಸ್ ಬೇಕೇ ಬೇಕು ಎನ್ನುವವರು ಒಬ್ಬ ಬಳಕೆದಾರನ ಸಂಚಾರವನ್ನು ಒಂದೇ ದಾರಿಗೆ ಕಟ್ಟಿಹಾಕುವ ಸೌಲಭ್ಯವನ್ನು ಮರೆಯದೆ ಚಾಲೂ ಮಾಡಬೇಕು. ರೂಟರ್ ಜೊತೆಗೆ ಫೈಬರ್‌ನ ಚಿಕ್ಕ ಪೆಟ್ಟಿಗೆಗೂ ಇನ್ವರ್ಟರ್ ಅಥವಾ ಸಣ್ಣ ಯುಪಿಎಸ್ ಕೊಡಿ. ಒಂದಕ್ಕೆ ಮಾತ್ರ ಕೊಟ್ಟರೆ ಫಲವಿಲ್ಲ. ಎರಡೂ ಸಂಪರ್ಕಗಳು ಒಂದೇ ಕಂಬದ ಮೇಲಿನ ಫೈಬರ್ ಆಗಿರುವುದೂ ಬೇಡ. ಒಂದು ಫೈಬರ್, ಒಂದು ಮೊಬೈಲ್ ಇರಲಿ.

ಎರಡು ನೆಟ್ ಸೇರಿಸಿ ವೇಗವನ್ನು ಕೂಡಿಸುತ್ತೇವೆ ಎನ್ನುವ ತಂತ್ರಾಂಶಗಳೂ ಇವೆ. ವಿಂಡೋಸ್ ತಾನಾಗಿ ಎರಡರ ವೇಗವನ್ನು ಕೂಡಿಸುವುದಿಲ್ಲ, ಒಂದು ಡೌನ್‌ಲೋಡ್ ಒಂದೇ ದಾರಿಯಲ್ಲಿ ಬರುತ್ತದೆ. ಕೂಡಿಸಬೇಕೆಂದರೆ ಎರಡೂ ಹರಿವುಗಳನ್ನು ದೂರದ ಸರ್ವರ್ ಒಂದರಲ್ಲಿ ಒಟ್ಟುಗೂಡಿಸಬೇಕು, ಅದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು. ಜಾತ್ರೆಯೊಂದನ್ನು ನೇರಪ್ರಸಾರ ಮಾಡುವವರಿಗೆ ಅದು ಉಪಯುಕ್ತ. ಉಳಿದವರಿಗೆ ಆ ಹಣ ಬೇಡ.

ಬದಲಿಸಿದ್ದನ್ನು ಹಿಂದಕ್ಕೆ ತರುವುದು

ಊರು ಬದಲಾದಾಗ, ಕಚೇರಿ ಬದಲಾದಾಗ ಹಳೆಯ ದಾರಿಗಳು ಕಾಡುತ್ತವೆ. ಬೀದರ್‌ನ ಕಚೇರಿಗೆಂದು ಬರೆದ ಸಾಲು ಯಾದಗಿರಿಯ ಕಚೇರಿಯಲ್ಲಿ ಸುಮ್ಮನೆ ಅಡ್ಡ ನಿಲ್ಲಬಹುದು. ರೂಟ್ ಪ್ರಿಂಟ್‌ನ ಕೊನೆಯಲ್ಲಿ ‘ಪರ್ಸಿಸ್ಟೆಂಟ್ ರೂಟ್ಸ್’ ಎಂಬ ಶೀರ್ಷಿಕೆಯ ಕೆಳಗೆ ಅಂಥ ಸಾಲುಗಳು ಕಾಣುತ್ತವೆ. ‘ರೂಟ್ ಡಿಲೀಟ್ 10.0.0.0’ ಎಂದರೆ ಅದು ಹೋಗುತ್ತದೆ. ಮೆಟ್ರಿಕ್‌ಗೆ ಆಟೋಮ್ಯಾಟಿಕ್ ಗುರುತನ್ನು ಮತ್ತೆ ಹಾಕಿ, ಐಪಿವಿ6 ಗುರುತು ತೆಗೆದಿದ್ದರೆ ಅದನ್ನೂ ಹಾಕಿ. ಗೇಟ್‌ವೇ ಖಾಲಿ ಬಿಟ್ಟಿದ್ದ ಕಾರ್ಡಿಗೆ ಹಳೆಯ ವಿಳಾಸ ತುಂಬಬೇಕಾಗುತ್ತದೆ. ಆದ್ದರಿಂದ ಯಾವುದಕ್ಕೂ ಕೈಹಾಕುವ ಮೊದಲು ‘ಐಪಿಕಾನ್ಫಿಗ್ /ಆಲ್’ ಮತ್ತು ರೂಟ್ ಪ್ರಿಂಟ್ ತೋರಿಸಿದ್ದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.